ಗೋಲು ತಡೆದವನ ಕೂಲಿ

ಕಳೆದ ಬೇಸಿಗೆಯಲ್ಲಿ ನಿಪ್ಪಾಣಿ ತಾಲ್ಲೂಕಿನ ಹಳ್ಳಿಯೊಂದರ ಯುವಕರು ನಡೆಸಿದ ಫುಟ್‌ಬಾಲ್ ಪಂದ್ಯಾವಳಿಯ ಬಹುಮಾನ ವಿತರಣೆಗೆ ನನ್ನನ್ನು ಆಹ್ವಾನಿಸಿದ್ದರು. ವೇದಿಕೆಯ ಮೇಲೆ ಸೊಂಟದೆತ್ತರದ ಟ್ರೋಫಿಗಳು ಸಾಲಾಗಿ ನಿಂತಿದ್ದವು. ಅತಿ ಹೆಚ್ಚು ಗೋಲು ಹೊಡೆದವನಿಗೆ ಹಾರ, ಶಾಲು, ಹಣದ ಲಕೋಟೆ. ಉತ್ತಮ ರಕ್ಷಣಾ ಆಟಗಾರನಿಗೆ ಗೇಣುದ್ದದ ಪ್ಲಾಸ್ಟಿಕ್ ಕಪ್ಪು. ಎರಡನ್ನೂ ಕೊಟ್ಟ ಕೈ ನನ್ನದೇ. ಸಮಾರಂಭ ಮುಗಿಸಿ ಕೆಳಗಿಳಿದಾಗ, ಮೈದಾನದ ಅಂಚಿನಲ್ಲಿ ಸುಣ್ಣದ ಪುಡಿಯ ಬುಟ್ಟಿ ಹಿಡಿದಿದ್ದ ಮೂವತ್ತರ ಆಸುಪಾಸಿನ ಯುವಕನೊಬ್ಬ ಎಡಗಾಲನ್ನು ತುಸು ಎಳೆಯುತ್ತ ಬಂದು ನಮಸ್ಕರಿಸಿದ. "ಗುರ್ತ ಹತ್ತಲಿಲ್ಲೇನ್ರಿ ಫಾದರ್?" ಎಂದ. ಹತ್ತಿತು. ಬಹಳ ವರ್ಷಗಳ ಹಿಂದೆ ನಾನು ವಿದ್ಯಾರ್ಥಿ ನಿಲಯವೊಂದನ್ನು ನೋಡಿಕೊಳ್ಳುತ್ತಿದ್ದಾಗ ಅಲ್ಲಿದ್ದ ರಾಯಬಾಗ ಕಡೆಯ ಹುಡುಗ; ಕಬ್ಬು ಕಡಿಯುವವರ ಮಗ; ಚೆಂಡು ಎಷ್ಟೇ ಎತ್ತರದಿಂದ ಬಂದರೂ ಹಣೆಯೊಡ್ಡಿ ನಿಲ್ಲುತ್ತಿದ್ದವನು.

ಅವನು ಆರು ವರ್ಷ ಹಣಕ್ಕಾಗಿ ಫುಟ್‌ಬಾಲ್ ಆಡಿದ. ಹದಿನೇಳನೆಯ ವಯಸ್ಸಿಗೆ ಪಿಯುಸಿ ಅರ್ಧಕ್ಕೆ ಬಿಟ್ಟು ಪುಣೆಯಲ್ಲಿ ಆಯ್ಕೆಗೆ ಹೋದ. ಅಲ್ಲಿಂದ ಬೆಂಗಳೂರಿನ ಲೀಗ್‌ಗೆ, ಅಲ್ಲಿಂದ ರಾಷ್ಟ್ರಮಟ್ಟದ ಎರಡನೆಯ ದರ್ಜೆಯ ತಂಡವೊಂದಕ್ಕೆ ಬಂದ. ಎಲ್ಲ ಕಡೆಯೂ ಅವನ ಸ್ಥಾನ ಸ್ಟಾಪರ್, ಅಂದರೆ ಗೋಲ್‌ಕೀಪರನ ಮುಂದಿನ ಕೊನೆಯ ಗೋಡೆ. ಒಪ್ಪಂದ ಪ್ರತಿ ಸಲವೂ ಒಂದೇ ಹಂಗಾಮಿನದು. ಎರಡು ತಂಡಗಳಲ್ಲಿ ಕೊನೆಯ ತಿಂಗಳುಗಳ ಸಂಬಳ ಬರಲೇ ಇಲ್ಲ. ನಾಲ್ಕನೆಯ ತಂಡದಲ್ಲಿ ಅಭ್ಯಾಸದ ವೇಳೆ ಮೊಣಕಾಲಿನ ಲಿಗಮೆಂಟ್ ಹರಿಯಿತು. ಇದು ಪಂದ್ಯದಲ್ಲಿ ಆದ ಗಾಯವಲ್ಲವೆಂದು ಹೇಳಿ ಚಿಕಿತ್ಸೆಯ ವೆಚ್ಚದಿಂದ ತಂಡ ನುಣುಚಿಕೊಂಡಿತು. ಅವ್ವನ ಕೊರಳಿನ ಚಿನ್ನ ಅಡವಿಗೆ ಹೋಗಿ ಶಸ್ತ್ರಚಿಕಿತ್ಸೆಯಾಯಿತು. ಈಗ ಆತ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಪಂದ್ಯಾವಳಿಗಳಿದ್ದಾಗ ಮೈದಾನಕ್ಕೆ ಗೆರೆ ಹಾಕುತ್ತಾನೆ. "ಒಂದೂ ಗೋಲ್ ಹೊಡದಿಲ್ರಿ ಫಾದರ್. ಎಷ್ಟ ತಡದೀನಿ ಅನ್ನೂದನ್ನ ಯಾರೂ ಲೆಕ್ಕಾ ಇಟ್ಟಿಲ್ರಿ" ಎಂದು ನಕ್ಕ. ಆ ತಂಡಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾದದ್ದು ಒಂದು ತಂಡದ ವಿಷಯವೂ ಅಲ್ಲ.

ಆತನ ಮೇಲೆ ಮರುಕ ಹುಟ್ಟಿಸಲೆಂದು ಈ ಲೇಖನ ಬರೆಯುತ್ತಿಲ್ಲ. ಮರುಕ ಸುಲಭ, ಅದನ್ನು ತೋರಿಸಿ ಮನೆಗೆ ಹೋಗಿ ನಿದ್ರಿಸಬಹುದು. ನನ್ನ ವಾದ ಬೇರೆ. ಕೆಳದರ್ಜೆಯ ಲೀಗ್‌ನಲ್ಲಿ ಹಣಕ್ಕಾಗಿ ಆಡುವ ರಕ್ಷಣಾ ಆಟಗಾರ ಒಬ್ಬ ಕೂಲಿಕಾರ. ಅವನ ದೇಹ ಅವನ ಉಪಕರಣ. ಅವನ ದುಡಿಮೆಯಿಂದ ಲಾಭವನ್ನೋ ಕೀರ್ತಿಯನ್ನೋ ಒಂದು ಸಂಜೆಯ ಸಂತೋಷವನ್ನೋ ಪಡೆದವರು ಅವನಿಗೆ ಮೂರನ್ನು ಸಲ್ಲಿಸಲು ಬದ್ಧರು: ಹೊತ್ತಿಗೆ ಸರಿಯಾದ ಸಂಬಳ, ಗಾಯಕ್ಕೆ ಚಿಕಿತ್ಸೆ, ಆಟ ನಿಂತ ಮೇಲೆ ಬದುಕಲು ಒಂದು ದಾರಿ. ಈ ಮೂರನ್ನು ಕೊಡದೆ ಕ್ರೀಡಾ ಮನೋಭಾವದ ಉಪದೇಶ ಮಾಡುವವರ ಬಾಯಿಯನ್ನು ನಾವು ಮುಚ್ಚಿಸಬೇಕು.

ಹೆಸರಿಲ್ಲದ ದುಡಿಮೆ ಎಂದರೇನೆಂಬುದನ್ನು ಈ ಭಾಗದ ಜನರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಿಗಳು ತಲೆತಲಾಂತರದಿಂದ ಹೊಲಿಯುತ್ತ ಬಂದ ಚಪ್ಪಲಿ ಜಗತ್ತಿನಲ್ಲಿ ಕೊಲ್ಹಾಪುರಿ ಎಂದೇ ಪ್ರಸಿದ್ಧ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಹೀಗಿದ್ದೂ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಗಳನ್ನು ಮೂಲ ಹೇಳದೆ ಮೆರೆಸಿದಾಗ ದೇಶವೆಲ್ಲ ಕೊಲ್ಹಾಪುರದ ಪರವಾಗಿ ಸಿಟ್ಟಾಯಿತು; ಅಥಣಿಯ ಹೊಲಿಗೆಯವನನ್ನು ನೆನೆದವರು ಕಡಿಮೆ. ಹೊಲಿದವನೊಬ್ಬ, ಹೆಸರು ಪಡೆದವನೊಬ್ಬ. ಫುಟ್‌ಬಾಲಿನಲ್ಲಿ ರಕ್ಷಣಾ ಆಟಗಾರನ ಪಾಡೂ ಹೀಗೆಯೇ.

ಒಂದು ಉದಾಹರಣೆ ನೋಡಿ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಬಂದ ವಿಜಯವದು. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್ ಗೋಲು ಹೊಡೆದರು. ಪತ್ರಿಕೆಗಳು ಈ ಮೂರು ಹೆಸರುಗಳನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದವು, ಅದು ನ್ಯಾಯವೇ. ಆದರೆ ಆ ಮೂರೂ ಗೋಲುಗಳು ಬಂದದ್ದು ಮೊದಲರ್ಧದಲ್ಲಿ. ದ್ವಿತೀಯಾರ್ಧದಲ್ಲಿ ಮೇಘಾಲಯ ಅಂತರವನ್ನು ಒಂದೇ ಗೋಲಿಗೆ ಇಳಿಸಿತು. ಅಲ್ಲಿಂದ ಮುಂದೆ ಸುಮಾರು ಅರ್ಧ ಗಂಟೆ ಇನ್ನೊಂದು ಗೋಲಾಗದಂತೆ ನಿಂತವರು ಯಾರು? ಈ ಪ್ರಶ್ನೆಗೆ ಹೆಸರು ಹೇಳಬಲ್ಲ ಕನ್ನಡಿಗರು ಎಷ್ಟು ಜನ? 54 ವರ್ಷದ ಕಾಯುವಿಕೆಯನ್ನು ಆ ಅರ್ಧ ಗಂಟೆಯ ತಡೆಯೂ ಮುಗಿಸಿತೆಂಬುದನ್ನು ನಾವು ಮರೆತೇಬಿಟ್ಟೆವು.

ನಮ್ಮ ಗಡಿಯ ಹುಡುಗರಿಗೆ ಫುಟ್‌ಬಾಲ್ ಕನಸು ಬರುವುದು ಬೆಂಗಳೂರಿನಿಂದಲ್ಲ, ಕೊಲ್ಹಾಪುರದಿಂದ. ಕುಸ್ತಿಯ ಗರಡಿಗಳೇ ಫುಟ್‌ಬಾಲ್ ತಂಡಗಳಾಗಿ ಬೆಳೆದ ಊರದು. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಶಾಹು ಕ್ರೀಡಾಂಗಣದಲ್ಲಿ ಪಂದ್ಯವಿದ್ದ ದಿನ ಅಲ್ಲಿನ ಪೇಟೆಗಳೇ ಎರಡು ಪಾಳಿಯಾಗುತ್ತವೆ. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲ್ಹಾಪುರದ ಆಟೋ ಚಾಲಕರೊಬ್ಬರ ಮಗ ಅನಿಕೇತ್ ಜಾಧವ್ ಭಾರತದ ಪರ ಆಡಿದಾಗ ನಿಪ್ಪಾಣಿ, ಕಾಗವಾಡಗಳ ಮನೆಗಳಲ್ಲೂ ತಂದೆತಾಯಂದಿರು ತಮ್ಮ ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡಿದರು. ಆತ ಮುನ್ನುಗ್ಗಿ ಆಡುವ ಆಟಗಾರ, ಪ್ರತಿಭಾವಂತ, ಮೇಲಿನ ಲೀಗ್ ತಲುಪಿದ. ಅವನ ಏಳಿಗೆ ನಮಗೆ ಸಂತೋಷ. ಆದರೆ ಒಬ್ಬ ದಡ ಸೇರಿದನೆಂದು ತೋರಿಸಿ ನೂರು ಮಕ್ಕಳನ್ನು ಹೊಳೆಗೆ ಇಳಿಸುವವರು, ಹೊಳೆಯ ಆಳವನ್ನು ಹೇಳಬೇಕಾಗಿತ್ತು. ಹೇಳಲಿಲ್ಲ.

ಆ ಆಳ ಇಷ್ಟು: ನಿಪ್ಪಾಣಿಯ ಪಕ್ಕದಲ್ಲೇ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯ ಎರಡೂ ತುದಿಗಳನ್ನು ನೋಡೋಣ. ಪುಣೆಯ ತುದಿಯಲ್ಲಿ 2007ರಲ್ಲಿ ಹುಟ್ಟಿದ ಪುಣೆ ಎಫ್.ಸಿ. 2015ರಲ್ಲಿ ಹಿರಿಯರ ತಂಡವನ್ನು ಮುಚ್ಚಿತು. ಭಾರತ್ ಎಫ್.ಸಿ. ಎಂಬ ತಂಡ ಐ-ಲೀಗ್‌ನಲ್ಲಿ ಆಡಿದ್ದು 2015ರ ಒಂದೇ ಒಂದು ಋತು. ಡಿ.ಎಸ್.ಕೆ. ಶಿವಾಜಿಯನ್ಸ್ 2017ರಲ್ಲಿ ಕಣ್ಮರೆಯಾಯಿತು. ಎರಡೇ ವರ್ಷಗಳ ಅಂತರದಲ್ಲಿ ಒಂದೇ ನಗರದ ಮೂರು ವೃತ್ತಿಪರ ತಂಡಗಳು ಹೋದವು. ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆ.ಸಿ.ಟಿ. 2011ರಲ್ಲಿ ಅದಕ್ಕೂ ಮುಂಚೆಯೇ ಬಾಗಿಲು ಹಾಕಿದ್ದವು. ಬೆಂಗಳೂರಿನ ತುದಿಯಲ್ಲಾದರೂ ನೆಮ್ಮದಿಯಿದೆಯೇ? 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಋತುವನ್ನು ತಡೆಹಿಡಿಯಲಾಯಿತೆಂಬ ಸುದ್ದಿ ಬಂತು. ಲೀಗ್ ನಡೆಸುವ ಹಕ್ಕಿನ ಒಪ್ಪಂದದ ನವೀಕರಣ ಇತ್ಯರ್ಥವಾಗಿರಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್.ಸಿ. ತನ್ನ ಪ್ರಧಾನ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸಿತು. ದೇಶದ ಅತಿ ಸುಸಜ್ಜಿತ ತಂಡಗಳಲ್ಲೊಂದರ ಸ್ಥಿತಿ ಇದಾದರೆ, ಎರಡನೆಯ ಮತ್ತು ಮೂರನೆಯ ದರ್ಜೆಯ ಲೀಗ್‌ಗಳ ಹುಡುಗನ ಗತಿಯೇನು? ಅವನ ಸಂಬಳ ನಿಂತಾಗ ಪತ್ರಿಕೆಯಲ್ಲಿ ಎರಡು ಸಾಲೂ ಬರುವುದಿಲ್ಲ.

ಇದನ್ನು ಕಬ್ಬಿನ ನಾಡಿನ ಓದುಗರಿಗೆ ಕಬ್ಬಿನ ಭಾಷೆಯಲ್ಲೇ ಹೇಳುತ್ತೇನೆ. ಕಬ್ಬು ಕಾರ್ಖಾನೆಗೆ ಸೇರಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ನಿಯಮ ಎಷ್ಟು ಸಲ ಮುರಿಯುತ್ತದೆಂಬುದು ನನಗೂ ಗೊತ್ತು. ಆದರೂ ನಿಯಮವಿದೆ, ಮುರಿದಾಗ ರಸ್ತೆಗಿಳಿಯಲು ಸಂಘವಿದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಕುಳಿತ ರೈತರು ಟನ್ನಿಗೆ 3,500 ರೂಪಾಯಿ ಕೇಳಿ, ಕೊನೆಗೆ 3,300ಕ್ಕೆ ಸರ್ಕಾರವನ್ನು ಒಪ್ಪಿಸಿದ್ದನ್ನು ಎಲ್ಲರೂ ಕಂಡಿದ್ದೇವೆ. ಕಬ್ಬು ಕಡಿಯುವ ಗ್ಯಾಂಗಿನವನಿಗೆ ಮುಕಾದಮನು ಹಂಗಾಮಿಗೆ ಮೊದಲೇ ಉಚಲು ಕೊಡುತ್ತಾನೆ. ಆ ಮುಂಗಡದಲ್ಲಿರುವ ಶೋಷಣೆಯನ್ನು ನಾನು ಬಲ್ಲೆ, ಸಮರ್ಥಿಸುವುದಿಲ್ಲ, ಆದರೂ ಹೊರಡುವ ಮುನ್ನ ಅವನ ಮನೆಯಲ್ಲಿ ಒಂದಿಷ್ಟು ಹಣವಿರುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ದುಡಿಮೆಗೂ 1966ರಲ್ಲೇ ಒಂದು ಕಾನೂನು, 1976ರಲ್ಲಿ ಒಂದು ಕಲ್ಯಾಣ ನಿಧಿ ಬಂದವು. ಆಕೆಯ ಮಗ ಫುಟ್‌ಬಾಲ್ ಆಡಲು ಹೋದರೆ ಅವನಿಗೇನಿದೆ? ಎರಡು ತಿಂಗಳ ಸಂಬಳ ಬಾಕಿಯಾದರೆ, ಲಿಖಿತವಾಗಿ 15 ದಿನಗಳ ಗಡುವು ಕೊಟ್ಟು, ಆಗಲೂ ಬಾರದಿದ್ದರೆ ಒಪ್ಪಂದ ಮುರಿಯಬಹುದೆಂದು ಫಿಫಾ ಸಂಸ್ಥೆ 2018ರಲ್ಲಿ ನಿಯಮ ಮಾಡಿತು. ಒಪ್ಪಂದ ಮುರಿದು ಹೊರನಡೆಯುವ ಹಕ್ಕು! ಹೊರನಡೆದವನು ಆ ರಾತ್ರಿ ಎಲ್ಲಿ ಮಲಗಬೇಕು, ಏನು ಉಣ್ಣಬೇಕು? ಗಾಣದಲ್ಲಿ ರಸ ಹಿಂಡಿ ಉಳಿದ ಸಿಪ್ಪೆಯನ್ನೂ ನಮ್ಮ ಕಾರ್ಖಾನೆಗಳು ಎಸೆಯುವುದಿಲ್ಲ. ಅದನ್ನು ಉರಿಸಿ ವಿದ್ಯುತ್ ತೆಗೆಯುತ್ತವೆ. ಮೊಣಕಾಲು ಹೋದ ಆಟಗಾರನಿಗೆ ಕಬ್ಬಿನ ಸಿಪ್ಪೆಗಿರುವ ಬೆಲೆಯೂ ಇಲ್ಲ.

ಇನ್ನು ದೇಹದ ಮಾತು. 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ನಡೆಯುತ್ತಿದ್ದ ಪಂದ್ಯದಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುಆಂಬ ಹೃದಯ ಸ್ತಂಭಿಸಿ ಕುಸಿದುಬಿದ್ದ. ವೈದ್ಯರು ಮೈದಾನಕ್ಕೆ ಧಾವಿಸಿದರು. ಪ್ರೇಕ್ಷಕರ ನಡುವೆ ಇದ್ದ ಹೃದ್ರೋಗ ತಜ್ಞರೊಬ್ಬರೂ ಇಳಿದು ಬಂದರು. 78 ನಿಮಿಷ ಬಡಿಯದಿದ್ದ ಹೃದಯ ಮತ್ತೆ ಬಡಿಯಿತು. ನಾಲ್ಕು ದಿನಗಳ ನಂತರ, ಮಾರ್ಚ್ 21ರಂದು, ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಜಿಲ್ಲಾ ಲೀಗ್‌ನ ಪಂದ್ಯ. ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಡಿ. ವೆಂಕಟೇಶ್ ಪಂದ್ಯದ ಕೊನೆಯ ಕ್ಷಣಗಳಲ್ಲಿ ಕುಸಿದ. ಮೈದಾನದಲ್ಲಿ ಆಂಬ್ಯುಲೆನ್ಸ್ ಇರಲಿಲ್ಲ. ಜೊತೆಗಾರರು ಆತನನ್ನು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಆತ ಬದುಕಲಿಲ್ಲ. ಒಂದು ಹೃದಯಕ್ಕೂ ಇನ್ನೊಂದಕ್ಕೂ ದೇವರು ವ್ಯತ್ಯಾಸ ಮಾಡಿರಲಿಲ್ಲ. ವ್ಯತ್ಯಾಸವಿದ್ದದ್ದು ಮೈದಾನದ ಅಂಚಿನಲ್ಲಿ ನಿಂತಿದ್ದ ವಾಹನದಲ್ಲಿ. ರಾಜಧಾನಿಯ ಮೈದಾನದಲ್ಲಿಯೇ ಇದು ನಡೆಯಿತೆಂದರೆ, ಆಸ್ಪತ್ರೆಗೆ ಹತ್ತಾರು ಮೈಲಿ ಹೋಗಬೇಕಾದ ನಮ್ಮ ಹಳ್ಳಿಗಳ ಮೈದಾನಗಳ ಬಗ್ಗೆ ಏನು ಹೇಳೋಣ!

ಹೃದಯದ ಆಪತ್ತು ಯಾವ ಸ್ಥಾನದ ಆಟಗಾರನಿಗೂ ಬರಬಹುದು. ರಕ್ಷಣಾ ಆಟಗಾರನಿಗೆ ಅವನದೇ ಆದ ಇನ್ನೊಂದು ಆಪತ್ತಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳೊಡನೆ ಹೋಲಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಆಟಗಾರರು ಮರೆಗುಳಿತನದಂಥ ಮಿದುಳಿನ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಸುಮಾರು ಮೂರೂವರೆ ಪಟ್ಟು ಹೆಚ್ಚು. 2021ರಲ್ಲಿ ಅದೇ ತಂಡ ಸ್ಥಾನವಾರು ಲೆಕ್ಕ ಹಾಕಿತು: ಇಂಥ ಕಾಯಿಲೆಗೆ ತುತ್ತಾಗುವ ಅಪಾಯ ಗೋಲ್‌ಕೀಪರ್‌ಗಳಿಗೆ ಸಾಮಾನ್ಯರಿಗಿಂತ ಗಮನಾರ್ಹವಾಗಿ ಹೆಚ್ಚಿರಲಿಲ್ಲ, ರಕ್ಷಣಾ ಆಟಗಾರರಿಗೆ ಸುಮಾರು ಐದು ಪಟ್ಟು. ತಲೆಯಿಂದ ಚೆಂಡು ಹೊಡೆಯುವುದೇ ಇದಕ್ಕೆ ಕಾರಣವಿರಬೇಕೆಂಬ ಶಂಕೆ ಬಲವಾಗಿದೆ. ಇಂಗ್ಲೆಂಡಿನ ಜೆಫ್ ಆಸ್ಲ್ ಎಂಬ ಆಟಗಾರ 2002ರಲ್ಲಿ ತೀರಿಕೊಂಡಾಗ ಮರಣ ವಿಚಾರಣಾಧಿಕಾರಿ ಅದನ್ನು ವೃತ್ತಿಯಿಂದ ಬಂದ ರೋಗವೆಂದೇ ದಾಖಲಿಸಿದರು. 2020ರಿಂದ ಅಲ್ಲಿ ಹನ್ನೊಂದು ವರ್ಷದವರೆಗಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡ್ಡಿಂಗ್ ಕಲಿಸಬಾರದೆಂದು ಸೂಚನೆಯಿದೆ. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ರಾಯಬಾಗದ ಆ ಹುಡುಗ ಹಣೆಯೊಡ್ಡಿ ನಿಂತಾಗಲೆಲ್ಲ "ಶಾಬ್ಬಾಸ್" ಎಂದು ಚಪ್ಪಾಳೆ ತಟ್ಟುತ್ತಿದ್ದವನು ನಾನೇ ಅಲ್ಲವೆ?

ಈ ಮಾತುಗಳಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: "ಆಡೆಂದು ಯಾರೂ ಒತ್ತಾಯಿಸಲಿಲ್ಲ; ಅವನಿಷ್ಟ." ಗಣಿಗೆ ಇಳಿದವನೂ ಗಿರಣಿಗೆ ಸೇರಿದವನೂ ಇಷ್ಟಪಟ್ಟೇ ಹೋಗುತ್ತಾರೆ; ಅದರಿಂದ ಧಣಿಯ ಹೊಣೆ ತಪ್ಪುವುದಿಲ್ಲ. ಬೆಲ್ಜಿಯಂನ ಸಾಧಾರಣ ಆಟಗಾರ ಜಾನ್ ಮಾರ್ಕ್ ಬಾಸ್ಮನ್, ಒಪ್ಪಂದ ಮುಗಿದ ಮೇಲೂ ತನ್ನನ್ನು ಬಿಟ್ಟುಕೊಡದ ತಂಡದ ವಿರುದ್ಧ ಹೋರಾಡಿದಾಗ, 1995ರ ಡಿಸೆಂಬರ್‌ನಲ್ಲಿ ಯೂರೋಪಿನ ನ್ಯಾಯಾಲಯ ಕಾರ್ಮಿಕರಿಗಿರುವ ಸಂಚಾರ ಸ್ವಾತಂತ್ರ್ಯ ಆಟಗಾರನಿಗೂ ಇದೆಯೆಂದು ತೀರ್ಪಿತ್ತಿತು. ಆ ತೀರ್ಪಿನಿಂದ ತಾರೆಯರು ಶ್ರೀಮಂತರಾದರು. ಬಾಸ್ಮನ್ ಬಡತನಕ್ಕೆ ಜಾರಿದ. ಹೊಳೆ ದಾಟಿದವರಿಗೆ ಅಂಬಿಗನ ನೆನಪಿರುವುದಿಲ್ಲ. ಆದರೆ ಆಟಗಾರ ಕಾರ್ಮಿಕನೆಂಬ ಸತ್ಯ ಅಂದಿನಿಂದ ಕಾನೂನಿನ ಬಾಯಲ್ಲೂ ಬಂದಿದೆ.

ಎರಡನೆಯ ಆಕ್ಷೇಪ ಗಂಭೀರವಾದದ್ದು: "ತಂಡಗಳೇ ನಷ್ಟದಲ್ಲಿವೆ, ಎಲ್ಲಿಂದ ಕೊಡುವುದು?" ನಷ್ಟದ ಮಾತು ಸುಳ್ಳಲ್ಲ, ಕೆಳದರ್ಜೆಯ ತಂಡಗಳಿಗೆ ಟಿಕೇಟಿನ ಹಣವೂ ಇಲ್ಲ, ದೂರದರ್ಶನದ ಹಣವೂ ಇಲ್ಲ, ಒಬ್ಬಿಬ್ಬರು ಉತ್ಸಾಹಿಗಳ ಜೇಬಿನಿಂದ ನಡೆಯುವಂಥವೇ ಹೆಚ್ಚು. ಆದರೆ ಕಬ್ಬನ್ನು ತೂಕ ಮಾಡಿಸಿಕೊಂಡು ನುರಿಸಿದ ಮೇಲೆ ನಷ್ಟವಾಯಿತೆಂದು ಕೈಯಾಡಿಸುವ ಕಾರ್ಖಾನೆಯನ್ನು ನಾವು ಕ್ಷಮಿಸುತ್ತೇವೆಯೆ? ಇಡೀ ಋತುವಿನ ಸಂಬಳ ಕೈಯಲ್ಲಿಲ್ಲದವರು ಇಪ್ಪತ್ತೈದು ಜನರ ಬದಲು ಹದಿನೆಂಟು ಜನರನ್ನು ಸೇರಿಸಿಕೊಳ್ಳಲಿ. ಅದೂ ಆಗದಿದ್ದರೆ ವೃತ್ತಿಪರ ತಂಡವೆಂದು ಕರೆದುಕೊಳ್ಳದಿರಲಿ. ದುಡಿದವನ ಕೂಲಿಯನ್ನು ತಡೆಹಿಡಿಯುವುದು ಪಾಪವೆಂದು ನಾವು ಬಲಿಪೀಠದಿಂದ ಬೋಧಿಸುತ್ತೇವೆ. ಜೆರ್ಸಿ ತೊಟ್ಟು ದುಡಿದವನಿಗೆ ಅದರಲ್ಲಿ ವಿನಾಯಿತಿಯೇನೂ ಇಲ್ಲ.

ಮೂರನೆಯವರು ಹಳೆಯ ಕಾಲವನ್ನು ನೆನೆಸುತ್ತಾರೆ. ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್.ನಂಥ ಸಾರ್ವಜನಿಕ ಉದ್ಯಮಗಳು ತಂಡ ಕಟ್ಟಿ ಆಟಗಾರನಿಗೆ ನೌಕರಿಯನ್ನೇ ಕೊಡುತ್ತಿದ್ದವು. ಕಾಲು ಸೋತರೂ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು. ಎಚ್.ಎ.ಎಲ್. ತಂಡ ಒಬ್ಬ ವಿದೇಶಿ ಆಟಗಾರನೂ ಇಲ್ಲದೆ 2010ರಿಂದ 2012ರವರೆಗೆ ಎರಡು ಋತು ಐ-ಲೀಗ್‌ನಲ್ಲಿ ಆಡಿ ಕೆಳಗಿಳಿಯಿತು. ಆ ವ್ಯವಸ್ಥೆ ಆಟದ ಮಟ್ಟವನ್ನು ಏರಿಸಲಿಲ್ಲವೆಂಬ ಟೀಕೆಯಲ್ಲಿ ಹುರುಳಿದೆ. ಅದು ಹಾಗೆಯೇ ಮರಳಿ ಬರಲಾರದು. ಆದರೆ ಮೂವತ್ತೆರಡನೆಯ ವಯಸ್ಸಿನ ನಂತರವೂ ಆಟಗಾರನೊಬ್ಬ ಮನುಷ್ಯನಾಗಿ ಉಳಿದಿರುತ್ತಾನೆಂಬ ಸರಳ ತಿಳಿವಳಿಕೆ ಅದರಲ್ಲಿತ್ತು. ವೃತ್ತಿಪರತೆಯ ಹೆಸರಿನಲ್ಲಿ ನಾವು ಕಳೆದುಕೊಂಡದ್ದು ಅದನ್ನೇ.

ಹಾಗಾದರೆ ಏನು ಮಾಡಬೇಕು? ಫೆಡರೇಷನ್ನು, ಸರ್ಕಾರ ಮಾಡಬೇಕಾದದ್ದು ಬಹಳವಿದೆ: ಋತುವಿನ ಸಂಬಳಕ್ಕೆ ಠೇವಣಿಯಿಡದ ತಂಡಕ್ಕೆ ಕೆಳದರ್ಜೆಯಲ್ಲೂ ಪರವಾನಗಿ ಕೊಡಬಾರದು, ಅಭ್ಯಾಸದಲ್ಲಾದ ಗಾಯಕ್ಕೂ ವಿಮೆ ಕಡ್ಡಾಯವಾಗಬೇಕು. 2006ರಲ್ಲಿ ಬೈಚುಂಗ್ ಭುಟಿಯಾ ಅಧ್ಯಕ್ಷತೆಯಲ್ಲಿ ಆರಂಭವಾದ ಆಟಗಾರರ ಸಂಘ ಬೆಂಗಳೂರು, ಗೋವಾ, ಕೋಲ್ಕತಗಳ ಆಚೆಗಿನ ಹುಡುಗನ ಕೈಗೂ ಸಿಗಬೇಕು. ಆದರೆ ದೂರದವರನ್ನು ದೂರಿ ಸುಮ್ಮನಾಗುವುದು ನಮ್ಮ ಹಳೆಯ ಚಟ. ನಮ್ಮ ಧರ್ಮಕೇಂದ್ರಗಳು, ಶಾಲೆಗಳು, ಯುವಕ ಸಂಘಗಳು ಊರಹಬ್ಬದ ನೆಪದಲ್ಲಿ ಪಂದ್ಯಾವಳಿ ನಡೆಸುತ್ತವೆ. ಅಕಾಡೆಮಿಯವರೊಬ್ಬರು ಬಂದು ಹುಡುಗನನ್ನು ಮೆಚ್ಚಿದರೆ ಮನೆಯವರು ಮೊದಲು ಕೇಳುವುದು ನಮ್ಮನ್ನೇ: "ಕಳಸೂಣೇನ್ರಿ ಫಾದರ್?" ಆಗ ನಾವು ಏನು ಹೇಳಿದ್ದೇವೆ? ನಾನು ಹೇಳಿದ್ದೆ, "ದೇವರ ಹೆಸರಿನಲ್ಲಿ ಕಳಿಸಿರಿ" ಎಂದು. ಒಪ್ಪಂದದ ಕಾಗದ ತೋರಿಸೆಂದು ಕೇಳಲಿಲ್ಲ. ಪಿಯುಸಿ ಮುಗಿಸಿ ಹೋಗೆಂದು ಒತ್ತಾಯಿಸಲಿಲ್ಲ. ಗಾಯವಾದರೆ ಖರ್ಚು ಯಾರದೆಂದು ವಿಚಾರಿಸಲಿಲ್ಲ. ಗುರುಮಠದಲ್ಲಿದ್ದಾಗ ನನ್ನನ್ನೂ ಬ್ಯಾಕ್ ಸ್ಥಾನದಲ್ಲೇ ನಿಲ್ಲಿಸುತ್ತಿದ್ದರು, ಓಡಲು ಬಾರದೆಂಬ ಕಾರಣಕ್ಕೆ. ಸೋತ ದಿನ ಬೈಗುಳವೆಲ್ಲ ಹಿಂದೆ ನಿಂತವರಿಗೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಚ್ಚರಿಸಲಿಲ್ಲ.

ಈ ವರ್ಷದ ಪಂದ್ಯಾವಳಿಗೂ ಆಹ್ವಾನ ಬಂದಿದೆ. ಬರುತ್ತೇನೆಂದು ಹೇಳುವ ಮೊದಲು ನಾನು ಮೂರು ಪ್ರಶ್ನೆಗಳನ್ನು ಕೇಳಿದ್ದೇನೆ. ಮೈದಾನದ ಬಳಿ ಪ್ರಥಮ ಚಿಕಿತ್ಸೆ ಬಲ್ಲವರೊಬ್ಬರೂ ಒಂದು ವಾಹನವೂ ಆರಂಭದಿಂದ ಕೊನೆಯವರೆಗೆ ನಿಂತಿರುತ್ತವೆಯೆ? ಟ್ರೋಫಿಯ ಎತ್ತರವನ್ನು ಒಂದು ಮೊಳ ಇಳಿಸಿ, ಉಳಿದ ಹಣವನ್ನು ಗಾಯಗೊಂಡವರ ಚಿಕಿತ್ಸೆಗೆ ಎತ್ತಿಡುವಿರಾ? ಚಿಕ್ಕಮಕ್ಕಳ ಪಂದ್ಯಗಳಲ್ಲಿ ತಲೆಯಿಂದ ಚೆಂಡು ಹೊಡೆಯುವುದನ್ನು ನಿಷೇಧಿಸುವಿರಾ? ಸಂಘಟಕರು ಯೋಚಿಸಿ ಹೇಳುತ್ತೇವೆಂದಿದ್ದಾರೆ. ಇದೇ ಪ್ರಶ್ನೆಗಳನ್ನು ಚಿಕ್ಕೋಡಿಯಿಂದ ಕಾಗವಾಡದವರೆಗೆ ಪ್ರತಿಯೊಬ್ಬ ಮುಖ್ಯ ಅತಿಥಿಯೂ ಕೇಳತೊಡಗಿದರೆ ಉತ್ತರ ಬೇಗ ಬಂದೀತು.

ಗೆರೆ ಹಾಕುವ ನನ್ನ ಹಳೆಯ ಶಿಷ್ಯನಿಗೆ ಕಳೆದ ಸಲ ದಿನಗೂಲಿ ಕೊಟ್ಟಿದ್ದರೋ ಇಲ್ಲವೋ ಎಂದು ಕೇಳಲು ಅಂದು ನನಗೆ ಹೊಳೆಯಲಿಲ್ಲ. ಮೊನ್ನೆ ಫೋನ್ ಮಾಡಿ ವಿಚಾರಿಸಿದೆ. "ಕೊಡ್ತೀವಿ ಅಂದಾರ್ರಿ ಫಾದರ್" ಎಂದ. ಆಹ್ವಾನಕ್ಕೆ ನಾನು ಕೊಟ್ಟ ಉತ್ತರದಲ್ಲಿ ಈಗ ನಾಲ್ಕನೆಯ ಪ್ರಶ್ನೆಯೂ ಸೇರಿದೆ.